ತಪ್ಪು ಯಾರದೆಂದು ತೋರಿಸುವುದು ಹೇಗೆ? – ರಸ್ತೆ ಅಪಘಾತದ ಪರಿಹಾರದ ಬಗ್ಗೆ ನಮ್ಮ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಕೆಲವು ಸಮಯದ ಹಿಂದೆ ಒಬ್ಬ ತಾಯಿ ನಮ್ಮ ಕಚೇರಿಗೆ ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದಪತ್ರಗಳು. ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದ ಅವರ ಮಗ ಮೈಸೂರು ರಸ್ತೆಯಲ್ಲಿ ನಡೆದ ಅಪಘಾತದಲ್ಲಿ ತೀರಿಕೊಂಡಿದ್ದ. "ಫಾದರ್, ಇದ್ರಲ್ಲಿ ಏನೆಲ್ಲ ಉಂಟು ಅಂತ ನಮಗೆ ಗೊತ್ತಾಗುದಿಲ್ಲ. ವಿಮೆಯವರು ನಮ್ಮ ಮಗನದ್ದೇ ತಪ್ಪು ಅಂತಾರೆ" ಎಂದರು.

ಚೀಲವನ್ನು ಬಿಚ್ಚಿ ಒಂದೊಂದೇ ಕಾಗದ ಓದಿದೆವು. ಪೊಲೀಸರ ದೋಷಾರೋಪಣ ಪಟ್ಟಿಯಲ್ಲಿ ಹಿಂದಿನಿಂದ ಬಂದು ಗುದ್ದಿದ ಟೆಂಪೋ ಚಾಲಕನ ಹೆಸರಿತ್ತು. ಆದರೆ ಆಸ್ಪತ್ರೆಯ ಮೊದಲ ದಾಖಲೆಯಲ್ಲಿ "ಬೈಕ್ ಸ್ಕಿಡ್ ಆಗಿ ಬಿದ್ದದ್ದು" ಎಂದು ಬರೆದಿತ್ತು. ಯಾರು ಹೇಳಿದ್ದು? ಆಸ್ಪತ್ರೆಗೆ ಸೇರಿಸಿದ ರೂಮಿನ ಗೆಳೆಯ. ಪೊಲೀಸ್ ರಗಳೆ ಬೇಡವೆಂದು, ಚಿಕಿತ್ಸೆ ಬೇಗ ಶುರುವಾಗಲೆಂದು, ಭಯದಲ್ಲಿ ಹೇಳಿದ ಒಂದು ಮಾತು. ಆ ಒಂದು ಮಾತನ್ನೇ ಹಿಡಿದು ವಿಮಾ ಕಂಪನಿ ಟೆಂಪೋ ಗುದ್ದಿಯೇ ಇಲ್ಲ ಎಂದು ವಾದಿಸುತ್ತಿದೆ.

ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಇಂದು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಪಿ.ಜಿ., ಬಾಡಿಗೆ ಕೋಣೆಗಳಲ್ಲಿ ಇದ್ದಾರೆ. ಕೆಂಗೇರಿಯ ಆಚೆ ಕುಂಬಳಗೋಡಿನ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಮಾಗಡಿ ರಸ್ತೆ, ನಾಯಂಡಹಳ್ಳಿ, ವರ್ತುಲ ರಸ್ತೆಗಳಲ್ಲಿ ದಿನಕ್ಕೆರಡು ಬಾರಿ ಬೈಕ್ ಓಡಿಸುತ್ತಾರೆ. ಆದ್ದರಿಂದ ಅಪಘಾತದ ಪರಿಹಾರಕ್ಕೆ ಸಂಬಂಧಿಸಿದಂತೆ ಚಾಲಕನ ನಿರ್ಲಕ್ಷ್ಯವನ್ನು ರುಜುವಾತು ಮಾಡುವುದು ಹೇಗೆ ಎಂಬುದನ್ನು ಸರಳವಾಗಿ ತಿಳಿಸಲು ಇಲ್ಲಿ ಪ್ರಯತ್ನಿಸಿದ್ದೇವೆ. ಇದು ವಕೀಲರ ಸಲಹೆಗೆ ಬದಲಿಯಲ್ಲ. ವಕೀಲರ ಬಳಿಗೆ ಹೋಗುವ ಮುನ್ನ ಏನನ್ನು ಕಾಪಾಡಿಕೊಳ್ಳಬೇಕು ಎಂಬ ತಿಳಿವಳಿಕೆ ಮಾತ್ರ.

ರುಜುವಾತು ಏಕೆ ಬೇಕು?

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಎರಡು ದಾರಿಗಳಿವೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ 164ನೆಯ ಕಲಮಿನ ಪ್ರಕಾರ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ. ಇಲ್ಲಿ ಚಾಲಕನ ತಪ್ಪನ್ನು ತೋರಿಸಬೇಕಾಗಿಲ್ಲ. ಎರಡನೆಯದು 166ನೆಯ ಕಲಮು. ಇಲ್ಲಿ ಮೊತ್ತಕ್ಕೆ ಮಿತಿಯಿಲ್ಲ, ಆದರೆ ಎದುರು ವಾಹನದ ಚಾಲಕನ ನಿರ್ಲಕ್ಷ್ಯವನ್ನು ತೋರಿಸಲೇಬೇಕು.

ವ್ಯತ್ಯಾಸ ಎಷ್ಟೆಂದು ಒಂದು ಲೆಕ್ಕದಿಂದ ನೋಡೋಣ. 24 ವರ್ಷದ ಅವಿವಾಹಿತ ಯುವಕ, ತಿಂಗಳಿಗೆ 20,000 ರೂಪಾಯಿಯ ನಿಗದಿತ ಸಂಬಳ ಎಂದುಕೊಳ್ಳಿ. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ತೀರ್ಪಿನಂತೆ ಮುಂದಿನ ಬೆಳವಣಿಗೆಗಾಗಿ ಶೇ. 40 ಸೇರಿಸಿದರೆ 28,000. 2009ರ ಸರಳಾ ವರ್ಮಾ ತೀರ್ಪಿನಂತೆ ಅವಿವಾಹಿತನ ಸ್ವಂತ ಖರ್ಚಿಗೆಂದು ಅರ್ಧ ಕಳೆದರೆ 14,000. ವರ್ಷಕ್ಕೆ 1,68,000. ಆ ವಯಸ್ಸಿಗೆ ಗುಣಕ 18. ಒಟ್ಟು 30,24,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದ ಬಾಬ್ತುಗಳು ಬೇರೆ. ಐದು ಲಕ್ಷಕ್ಕೂ ಮೂವತ್ತು ಲಕ್ಷಕ್ಕೂ ನಡುವೆ ನಿಂತಿರುವುದು "ತಪ್ಪು ಯಾರದು" ಎಂಬ ಒಂದು ಪ್ರಶ್ನೆ. ವಯಸ್ಸಾದ ತಂದೆತಾಯಿಗೆ ಇದು ಉಳಿದ ಬದುಕಿನ ಪ್ರಶ್ನೆ.

ಎಷ್ಟು ರುಜುವಾತು ಸಾಕು?

ಇಲ್ಲಿ ನಮ್ಮ ಜನರಿಗೆ ದೊಡ್ಡ ಗೊಂದಲವಿದೆ. ಒಂದೇ ಅಪಘಾತದಿಂದ ಎರಡು ಮೊಕದ್ದಮೆಗಳು ಹುಟ್ಟುತ್ತವೆ. ಒಂದು, ಪೊಲೀಸರು ಚಾಲಕನ ಮೇಲೆ ಹೂಡುವ ಕ್ರಿಮಿನಲ್ ಮೊಕದ್ದಮೆ. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ), 125 (ಗಾಯ), 106 (ನಿರ್ಲಕ್ಷ್ಯದಿಂದ ಮರಣ) ಕಲಮುಗಳಡಿ ದಾಖಲಾಗುತ್ತದೆ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧ ಸಾಬೀತಾಗಬೇಕು. ಇನ್ನೊಂದು, ಕುಟುಂಬದವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹಾಕುವ ಅರ್ಜಿ. ಇಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಎರಡು ಕಡೆಯ ಮಾತುಗಳಲ್ಲಿ ಯಾವುದು ಹೆಚ್ಚು ಸಂಭವನೀಯವೋ ಅದನ್ನು ನ್ಯಾಯಾಧೀಶರು ಒಪ್ಪುತ್ತಾರೆ. ಹಿಮಾಚಲ ರಸ್ತೆ ಸಾರಿಗೆ ನಿಗಮದ ಬಸ್ಸಿಗೆ ಸಂಬಂಧಿಸಿದ 2009ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಗೋವಾದಲ್ಲಿ ಸ್ಕೂಟರಿಗೂ ಪಿಕಪ್ ವ್ಯಾನಿಗೂ ಆದ ಅಪಘಾತದ ಪ್ರಕರಣದಲ್ಲಿ 2013ರಲ್ಲಿ ಇದನ್ನೇ ಮತ್ತೆ ಎತ್ತಿಹಿಡಿಯಿತು.

ಆದ್ದರಿಂದ ಚಾಲಕ ಕ್ರಿಮಿನಲ್ ಮೊಕದ್ದಮೆಯಲ್ಲಿ ಬಿಡುಗಡೆಯಾದನೆಂದು ಕುಟುಂಬದವರು ಕೈಚೆಲ್ಲಬೇಕಾಗಿಲ್ಲ. ಬಸ್ಸೊಂದಕ್ಕೆ ವಿದ್ಯುತ್ ತಂತಿ ತಗಲಿ ಪ್ರಯಾಣಿಕರು ಸತ್ತ ಪ್ರಕರಣದಲ್ಲಿ ಚಾಲಕ ಖುಲಾಸೆಯಾಗಿದ್ದರೂ ಪರಿಹಾರ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1980ರಲ್ಲೇ ತೀರ್ಮಾನಿಸಿದೆ.

ಯಾವ ಕಾಗದ ಏನು ಹೇಳುತ್ತದೆ?

ಬೆಂಗಳೂರಿನಲ್ಲಿ ಅಪಘಾತದ ಪ್ರಕರಣಗಳು ಸಾಮಾನ್ಯವಾಗಿ ಆ ಭಾಗದ ಸಂಚಾರ ಪೊಲೀಸ್ ಠಾಣೆಯಲ್ಲಿ ದಾಖಲಾಗುತ್ತವೆ. ರಾಜಾಜಿನಗರ, ವಿಜಯನಗರ, ಕಾಮಾಕ್ಷಿಪಾಳ್ಯ, ಬ್ಯಾಟರಾಯನಪುರ, ಕೆಂಗೇರಿಗಳಲ್ಲಿ ಪ್ರತ್ಯೇಕ ಸಂಚಾರ ಠಾಣೆಗಳಿವೆ. ಊರಿನಿಂದ ರಾತ್ರಿ ಬಸ್ಸಿನಲ್ಲಿ ಹೋದವರು ಪಕ್ಕದ ಸಾಮಾನ್ಯ ಠಾಣೆಗೆ ಹೋಗಿ ಅರ್ಧ ದಿನ ಕಳೆದುಕೊಳ್ಳುವುದುಂಟು. ಮೊದಲು ಯಾವ ಸಂಚಾರ ಠಾಣೆ ಎಂದು ಕೇಳಿಕೊಳ್ಳಿ. ಅಲ್ಲಿಂದ ಪಡೆಯಬೇಕಾದ ಮುಖ್ಯ ದಾಖಲೆಗಳಿವು:

1. ಎಫ್.ಐ.ಆರ್. ಮತ್ತು ದೂರು. ವಾಹನದ ನಂಬರು, ಬಂದ ದಿಕ್ಕು, ಗುದ್ದಿದ ಬಗೆ ಇದರಲ್ಲಿ ಸರಿಯಾಗಿರಬೇಕು. ದೂರು ಕೊಡಲು ತಡವಾದರೆ ಏಕೆ ತಡವಾಯಿತೆಂಬ ಕಾರಣವನ್ನೂ ಬರೆಸಿ. ಗಾಯಾಳುವನ್ನು ಉಳಿಸಿಕೊಳ್ಳುವ ಓಡಾಟದಲ್ಲಿ ತಡವಾಯಿತೆಂಬ ಕಾರಣಕ್ಕಷ್ಟೇ ಅರ್ಜಿಯನ್ನು ತಳ್ಳಿಹಾಕಬಾರದೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

2. ಸ್ಥಳ ಮಹಜರು ಮತ್ತು ನಕ್ಷೆ. ರಸ್ತೆಯ ಅಗಲ, ಬ್ರೇಕಿನ ಗುರುತು, ವಾಹನಗಳು ನಿಂತಿದ್ದ ಜಾಗ ಇದರಲ್ಲಿರುತ್ತವೆ. ಸಾಧ್ಯವಾದರೆ ಮಹಜರು ನಡೆಯುವಾಗ ಪ್ರತ್ಯಕ್ಷ ಕಂಡವರೊಬ್ಬರು ಅಲ್ಲಿರಲಿ.

3. ಮೋಟಾರು ವಾಹನ ನಿರೀಕ್ಷಕರ ವರದಿ. ಯಾವ ವಾಹನದ ಯಾವ ಭಾಗಕ್ಕೆ ಪೆಟ್ಟಾಗಿದೆ ಎಂದು ಇದು ಹೇಳುತ್ತದೆ. ಬೈಕಿನ ಹಿಂಭಾಗ, ಟೆಂಪೋದ ಮುಂಭಾಗ ಜಖಂ ಆಗಿದ್ದರೆ "ಸ್ಕಿಡ್ ಆಗಿ ಬಿದ್ದ" ಎಂಬ ಮಾತು ನಿಲ್ಲುವುದು ಕಷ್ಟ. ಆದ್ದರಿಂದ ನಿರೀಕ್ಷಕರು ನೋಡುವ ತನಕ ಬೈಕನ್ನು ರಿಪೇರಿಗೆ ಕೊಡಬೇಡಿ.

4. ಗಾಯದ ಪ್ರಮಾಣಪತ್ರ, ಮರಣವಾದರೆ ಶವಪಂಚನಾಮೆ ಮತ್ತು ಮರಣೋತ್ತರ ಪರೀಕ್ಷೆಯ ವರದಿ.

5. ದೋಷಾರೋಪಣ ಪಟ್ಟಿ. ತನಿಖೆ ಮಾಡಿದ ಪೊಲೀಸರು ಯಾರ ತಪ್ಪೆಂದು ಕಂಡರು ಎಂಬುದು ಇದರಲ್ಲಿದೆ. ಇದು ಅಂತಿಮವಲ್ಲ, ಆದರೆ ನ್ಯಾಯಮಂಡಳಿ ಇದಕ್ಕೆ ಸಾಕಷ್ಟು ತೂಕ ಕೊಡುತ್ತದೆ. ಚಾಲಕ ಕ್ರಿಮಿನಲ್ ಕೋರ್ಟಿನಲ್ಲಿ ತಪ್ಪೊಪ್ಪಿ ದಂಡ ಕಟ್ಟಿದ್ದರೆ ಆ ಆದೇಶದ ಪ್ರತಿಯನ್ನೂ ಪಡೆಯಿರಿ.

2022ರ ಏಪ್ರಿಲಿನಿಂದ ಪೊಲೀಸರಿಗೂ ಕಾಲಮಿತಿಯಿದೆ. 48 ಗಂಟೆಗಳಲ್ಲಿ ಪ್ರಥಮ ಅಪಘಾತ ವರದಿ, 50 ದಿನಗಳಲ್ಲಿ ಮಧ್ಯಂತರ ವರದಿ, 90 ದಿನಗಳಲ್ಲಿ ಸವಿವರ ವರದಿಯನ್ನು ನ್ಯಾಯಮಂಡಳಿಗೆ ಕಳುಹಿಸಬೇಕು. ಕುಟುಂಬದವರಿಗೂ ಪ್ರತಿ ಕೊಡಬೇಕು. ಇದನ್ನು ಕೇಳುವುದು ನಮ್ಮ ಹಕ್ಕು; ವಿನಯದಿಂದ, ಆದರೆ ಬಿಡದೆ ಕೇಳಬೇಕು.

ಸಿ.ಸಿ. ಟಿ.ವಿ. ದೃಶ್ಯಗಳ ಬಗ್ಗೆ ಒಂದು ಎಚ್ಚರಿಕೆ. ಅಂಗಡಿ, ಪೆಟ್ರೋಲ್ ಬಂಕ್‌ಗಳ ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಮೊದಲ ಎರಡು ಮೂರು ದಿನಗಳಲ್ಲೇ ಯಾರಾದರೂ ಸ್ಥಳಕ್ಕೆ ಹೋಗಿ ಕ್ಯಾಮೆರಾ ಎಲ್ಲೆಲ್ಲಿ ಇದೆ ಎಂದು ನೋಡಿ, ತನಿಖಾಧಿಕಾರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಇಂತಹ ದೃಶ್ಯವನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು.

ಆಸ್ಪತ್ರೆಯಲ್ಲಿ ಹೇಳುವ ಮೊದಲ ಮಾತು

ನಾವು ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು. ತುರ್ತು ಚಿಕಿತ್ಸಾ ವಿಭಾಗದಲ್ಲಿ "ಏನಾಯ್ತು?" ಎಂದು ಕೇಳಿದಾಗ ಹೇಳಿದ್ದನ್ನು ವೈದ್ಯರು ಬರೆದುಕೊಳ್ಳುತ್ತಾರೆ. ಮುಂದೆ ವಿಮಾ ಕಂಪನಿಯ ವಕೀಲರು ಮೊದಲು ತರಿಸಿ ನೋಡುವ ಕಾಗದ ಅದೇ. ಆದ್ದರಿಂದ ಕಂಡದ್ದನ್ನು ಕಂಡಂತೆ ಹೇಳಬೇಕು. ಕಾಣದಿದ್ದರೆ "ನಾನು ನೋಡಿಲ್ಲ, ರಸ್ತೆಯಲ್ಲಿ ಬಿದ್ದಿದ್ದರು" ಎಂದರೆ ಸಾಕು; ಊಹಿಸಿ ಹೇಳಬೇಡಿ.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ತೊಂದರೆಯಾಗುತ್ತದೆಂಬ ಹೆದರಿಕೆಯೇ ಇಂತಹ ಸುಳ್ಳುಗಳಿಗೆ ಮೂಲ. ಆದರೆ ಸಹಾಯ ಮಾಡಿದವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ಮುದ್ರೆ ಒತ್ತಿತು. ನಂತರ ಅದು ಕಾಯ್ದೆಯ 134ಎ ಕಲಮಾಗಿಯೇ ಬಂದಿದೆ. ಹೆಸರು ಹೇಳಲೇಬೇಕೆಂದು, ಸಾಕ್ಷಿಯಾಗಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಕಾನೂನು ಅವರನ್ನು ಕರೆಯುವ ಹೆಸರೇ ಶುಭಸಂದೇಶದ ಆ ದಯಾಳು ಸಮಾರಿಯದವನದು. ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನಗಳಲ್ಲಿ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರ ಸರಕಾರದ ಯೋಜನೆ 2025ರ ಮೇ 5ರಂದು ಜಾರಿಗೆ ಬಂದಿದೆ ಎಂಬುದೂ ನೆನಪಿರಲಿ.

ಹಾಗಾದರೆ ಆಸ್ಪತ್ರೆಯಲ್ಲಿ ತಪ್ಪಾಗಿ ದಾಖಲಾಗಿಬಿಟ್ಟಿದ್ದರೆ ಎಲ್ಲವೂ ಮುಗಿಯಿತೇ? ಇಲ್ಲ. ಅದು ಇತರ ಸಾಕ್ಷ್ಯಗಳ ನಡುವೆ ಒಂದು ಸಾಕ್ಷ್ಯ ಮಾತ್ರ. ಹಾಗೆ ಹೇಳಿದವರು ಮುಂದೆ ಬಂದು, ಏಕೆ ಹೇಳಿದೆನೆಂದು ಪ್ರಮಾಣ ಮಾಡಿ ನುಡಿದರೆ, ವಾಹನ ನಿರೀಕ್ಷಕರ ವರದಿ ಅದಕ್ಕೆ ಹೊಂದಿದರೆ, ನ್ಯಾಯಾಧೀಶರು ನಂಬಬಹುದು. ಆದರೆ ದಾರಿ ಉದ್ದವಾಗುತ್ತದೆ.

ಕಂಡವರು ಯಾರೂ ಇಲ್ಲದಿದ್ದರೆ?

ಕೆಲವೊಮ್ಮೆ ಘಟನೆಯೇ ಸಾಕ್ಷಿ ಹೇಳುತ್ತದೆ. ಕಾರೊಂದು ರಸ್ತೆ ಬಿಟ್ಟು ಹೋಗಿ ಮರಕ್ಕೆ ಗುದ್ದಿದ ಪ್ರಕರಣದಲ್ಲಿ, ಜಾಗರೂಕನಾದ ಚಾಲಕನಿಂದ ಸಾಮಾನ್ಯವಾಗಿ ಹೀಗಾಗುವುದಿಲ್ಲ, ಆದ್ದರಿಂದ ಹೇಗಾಯಿತೆಂದು ವಿವರಿಸುವ ಹೊಣೆ ಎದುರು ಪಕ್ಷದ್ದೆಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ರಾಜ್ಯದಲ್ಲಿ ಎರಡು ಬಸ್ಸುಗಳು ಒಂದಕ್ಕೊಂದು ಉಜ್ಜಿಕೊಂಡು ಹೋಗಿ ಪ್ರಯಾಣಿಕರು ಕೈ ಕಳೆದುಕೊಂಡಾಗ ಕರ್ನಾಟಕ ಹೈಕೋರ್ಟ್ ಇದೇ ತತ್ತ್ವವನ್ನು ಅನ್ವಯಿಸಿತು. ಆ ತೀರ್ಪು 1981ರಲ್ಲಿ ವರದಿಯಾಗಿದೆ.

ಇನ್ನೊಂದು ಮಾತು. ನಡೆದದ್ದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಎದುರು ವಾಹನದ ಚಾಲಕ. ವಿಮಾ ಕಂಪನಿ ಅವನನ್ನು ಸಾಕ್ಷಿಕಟ್ಟೆಗೆ ತರದೆ ಬರೀ ಬಾಯಿಮಾತಿನಲ್ಲಿ "ತಪ್ಪು ಸತ್ತವನದ್ದೇ" ಎಂದರೆ ಅದಕ್ಕೆ ಬೆಲೆ ಕಡಿಮೆ.

"ನಿಮ್ಮದೂ ಅರ್ಧ ತಪ್ಪು" ಎಂದರೆ?

ಪೂರ್ತಿ ನಿರಾಕರಿಸಲಾಗದಾಗ ಕಂಪನಿಗಳು ಹಿಡಿಯುವ ದಾರಿ ಇದು. ಗಾಯಾಳುವಿನದೂ ಶೇ. 25 ತಪ್ಪೆಂದು ತೀರ್ಮಾನವಾದರೆ ಪರಿಹಾರದಲ್ಲಿ ಕಾಲುಭಾಗ ಕಡಿತ. ಮೇಲಿನ ಲೆಕ್ಕದಲ್ಲಿ ಅದು 7,56,000 ರೂಪಾಯಿ. ಬೆಂಗಳೂರಿನಲ್ಲಿಯೇ 2016ರಲ್ಲಿ ನಗರ ಸಾರಿಗೆ ಬಸ್ಸು ಬೈಕಿಗೆ ಗುದ್ದಿ ಸವಾರ ತೀರಿಕೊಂಡ ಪ್ರಕರಣದಲ್ಲಿ ಹೈಕೋರ್ಟ್ ಸವಾರನ ಮೇಲೂ ಶೇ. 25ರ ಹೊಣೆ ಹೊರಿಸಿತ್ತು. ಸವಾರ ಅಜಾಗರೂಕನಾಗಿದ್ದ ಎಂಬುದಕ್ಕೆ ಸಾಕ್ಷ್ಯವೇ ಇಲ್ಲವೆಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಅದನ್ನು ತೆಗೆದುಹಾಕಿತು. ಊಹೆಯಿಂದ ತಪ್ಪು ಹಂಚುವಂತಿಲ್ಲ ಎಂಬುದು ಇದರ ಸಾರ.

ಪರವಾನಗಿ ಇರಲಿಲ್ಲ, ಬೈಕಿನಲ್ಲಿ ಮೂವರಿದ್ದರು ಎಂಬ ಕಾರಣದಿಂದಲೇ ಸವಾರನದು ತಪ್ಪೆಂದಾಗುವುದಿಲ್ಲ. ಅದು ಅಪಘಾತಕ್ಕೆ ಕಾರಣವಾಯಿತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2008 ಮತ್ತು 2020ರಲ್ಲಿ ಹೇಳಿದೆ. ಆದರೂ ನಮ್ಮ ಯುವಜನರು ಇದನ್ನು ರಿಯಾಯಿತಿ ಎಂದು ತಿಳಿಯಬಾರದು. ಹೆಲ್ಮೆಟ್ ಇಲ್ಲದೆ ತಲೆಗೆ ಪೆಟ್ಟಾದರೆ ವಾದ ಎದ್ದೇ ಏಳುತ್ತದೆ. ವಾದ ಗೆದ್ದರೂ ಮಗ ಮರಳುವುದಿಲ್ಲ.

ಎರಡು ವಾಹನಗಳ ತಪ್ಪಿನಿಂದ ಮೂರನೆಯವನಿಗೆ, ಉದಾಹರಣೆಗೆ ಬೈಕಿನ ಹಿಂದೆ ಕುಳಿತವನಿಗೆ ಅಥವಾ ಬಸ್ಸಿನ ಪ್ರಯಾಣಿಕನಿಗೆ ಗಾಯವಾದರೆ, ಅವನು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠದ ಈ ನಿಲುವನ್ನು (2004ರಲ್ಲಿ ವರದಿಯಾದದ್ದು) ಸುಪ್ರೀಂ ಕೋರ್ಟಿನ 2015ರ ತೀರ್ಪೂ ಒಪ್ಪಿದೆ.

ಆದರೆ ತಪ್ಪು ಪೂರ್ತಿ ತನ್ನದೇ ಆಗಿದ್ದರೆ 166ನೆಯ ಕಲಮು ನೆರವಿಗೆ ಬಾರದು. 2014ರಲ್ಲಿ ಅರಸೀಕೆರೆಗೆ ಹೋಗುವ ದಾರಿಯಲ್ಲಿ ಅತಿವೇಗದಿಂದ ಕಾರು ಮಗುಚಿ ಚಾಲಕ ಮೃತಪಟ್ಟ ಪ್ರಕರಣದಲ್ಲಿ ಕುಟುಂಬದ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ತಿರಸ್ಕರಿಸಿತು. ವಾಹನದ ಮಾಲೀಕನೇ ಪರವಾನಗಿ ಇಟ್ಟುಕೊಂಡು ಚಲಾಯಿಸುತ್ತಿದ್ದರೆ ವೈಯಕ್ತಿಕ ಅಪಘಾತ ವಿಮೆಯೊಂದೇ ಆಸರೆ. ಇದರ ಮೊತ್ತವನ್ನು 2018ರಲ್ಲಿ 15 ಲಕ್ಷಕ್ಕೆ ಏರಿಸಲಾಯಿತು. ವಿಮೆ ನವೀಕರಿಸುವಾಗ ಇದು ಸೇರಿದೆಯೇ ಎಂದು ನೋಡಿಕೊಳ್ಳಿ. ಗುದ್ದಿದ ವಾಹನ ಯಾವುದೆಂದೇ ತಿಳಿಯದಿದ್ದರೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಪ್ರತ್ಯೇಕ ಯೋಜನೆಯಿದೆ.

ಎಲ್ಲಿ, ಎಷ್ಟರೊಳಗೆ?

ಅಪಘಾತ ಕೆಂಗೇರಿಯಲ್ಲಿ ಆಯಿತೆಂದು ಅರ್ಜಿಯನ್ನು ಬೆಂಗಳೂರಿನಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಅಂದರೆ ಮಂಗಳೂರು, ಉಡುಪಿ, ಕಾರವಾರಗಳಲ್ಲೂ ಆಗುತ್ತದೆ. ಬೆಂಗಳೂರಿನಲ್ಲಾದರೆ ಈ ಅರ್ಜಿಗಳನ್ನು ಲಘು ವ್ಯವಹಾರಗಳ ನ್ಯಾಯಾಲಯ ವಿಚಾರಿಸುತ್ತದೆ. ಸಾಕ್ಷಿಗಳು ಬೆಂಗಳೂರಿನವರೇ ಆಗಿದ್ದರೆ ಅಲ್ಲಿ, ವಯಸ್ಸಾದ ತಂದೆತಾಯಿಯ ಓಡಾಟವೇ ಕಷ್ಟವಾದರೆ ಇಲ್ಲಿ – ಹೀಗೆ ಯೋಚಿಸಿ ನಿರ್ಧರಿಸಿ.

2022ರ ಏಪ್ರಿಲ್ 1ರ ನಂತರದ ಅಪಘಾತಗಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಕಾಯ್ದೆ ಹೇಳುತ್ತದೆ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿ, ಅವಧಿ ಮೀರಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದಿತು. ಆದರೆ ಅದನ್ನು ನೆಚ್ಚಿಕೊಂಡು ಕೂರುವುದು ಜಾಣತನವಲ್ಲ. ವರ್ಷದ ಪೂಜೆ ಮುಗಿಯಲಿ ಎಂದು ಕಾಯಬೇಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಸಿಗುತ್ತದೆ. ಪರಿಹಾರದಲ್ಲಿ ಇಂತಿಷ್ಟು ಪಾಲು ಕೊಡಿ ಎಂದು ವಕೀಲರು ಕೇಳುವುದು ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧ. ಆಸ್ಪತ್ರೆಯ ಬಾಗಿಲಲ್ಲೇ ಸಹಿ ಹಾಕಿಸಿಕೊಳ್ಳಲು ಬರುವ ದಲ್ಲಾಳಿಗಳಿಂದ ದೂರವಿರಿ.

ಸತ್ಯ ಮತ್ತು ಕ್ಷಮೆ

ಇಲ್ಲಿ ಗುರುಗಳಾಗಿ ಎರಡು ಮಾತು ಹೇಳಲೇಬೇಕು. ಮೊದಲನೆಯದು: ಗುದ್ದಿದ ವಾಹನಕ್ಕೆ ವಿಮೆ ಇಲ್ಲವೆಂದು ಬೇರೆ ವಾಹನದ ನಂಬರು ಸೇರಿಸುವುದು, ಪರವಾನಗಿ ಇಲ್ಲದ ಚಾಲಕನ ಬದಲು ಇನ್ನೊಬ್ಬನ ಹೆಸರು ಹೇಳುವುದು, ನೋಡದವನನ್ನು ಸಾಕ್ಷಿ ಮಾಡುವುದು – ಇವು ಸುಳ್ಳು ಸಾಕ್ಷ್ಯ. ದಶಾಜ್ಞೆಗೂ ಕಾನೂನಿಗೂ ಅಪರಾಧ. ಹೀಗೆ ಸಿಕ್ಕಿಬಿದ್ದರೆ ನಿಜವಾದ ಹಕ್ಕೂ ಕೈತಪ್ಪುತ್ತದೆ.

ಎರಡನೆಯದು: "ನಾವು ಕ್ಷಮಿಸಿದ್ದೇವೆ ಫಾದರ್, ಮಗನ ರಕ್ತದ ಹಣ ಬೇಡ" ಎನ್ನುವ ಮನೆಗಳಿವೆ. ಆ ಮನಸ್ಸನ್ನು ನಾವು ಗೌರವಿಸುತ್ತೇವೆ. ಆದರೆ ಕ್ಷಮೆಗೂ ಪರಿಹಾರಕ್ಕೂ ವಿರೋಧವಿಲ್ಲ. ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ನಿಯಮವಿದೆ. ಎತ್ತು ಹಾಯುತ್ತದೆಂದು ಮೊದಲೇ ಗೊತ್ತಿದ್ದೂ ಕಟ್ಟಿಹಾಕದ ಒಡೆಯನು ಹೊಣೆಗಾರ. ಗೊತ್ತಿಲ್ಲದವನ ಹೊಣೆ ಬೇರೆ. ನಿರ್ಲಕ್ಷ್ಯವೆಂದರೇನು ಎಂಬುದನ್ನು ಅಷ್ಟು ಹಿಂದೆಯೇ ದೇವಜನರು ತೂಗಿ ನೋಡಿದ್ದರು. 2007ರ ಜೂನಿನಲ್ಲಿ ವ್ಯಾಟಿಕನ್ ಪ್ರಕಟಿಸಿದ ರಸ್ತೆಯ ಪಾಲನಾ ಸೇವೆಯ ಮಾರ್ಗದರ್ಶಿಯಲ್ಲಿರುವ ಚಾಲಕರ ಹತ್ತು ಆಜ್ಞೆಗಳಲ್ಲಿ, ಅಪಘಾತಕ್ಕೀಡಾದವರ ಕುಟುಂಬಕ್ಕೆ ಆಸರೆಯಾಗುವುದೂ ಇದೆ, ತಪ್ಪಿತಸ್ಥನನ್ನೂ ನೊಂದವರನ್ನೂ ತಕ್ಕ ಸಮಯದಲ್ಲಿ ಕ್ಷಮೆಗಾಗಿ ಒಟ್ಟುಗೂಡಿಸುವುದೂ ಇದೆ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂದು ಅದು ಹೇಳಲಿಲ್ಲ. ಪರಿಹಾರದ ಹಣ ಬರುವುದು ಬಹುಪಾಲು ವಿಮಾ ಕಂಪನಿಯಿಂದ, ಬಡ ಚಾಲಕನ ಜೇಬಿನಿಂದಲ್ಲ.

ಧರ್ಮಕೇಂದ್ರಗಳು ಮಾಡಬಹುದಾದದ್ದು

ಅಪಘಾತದ ಸುದ್ದಿ ಬಂದಾಗ ವಾಳೆಯ ಗುರಿಕಾರರು ಮನೆಯವರೊಡನೆ ಓದುಬರಹ ಬಲ್ಲ ಒಬ್ಬರನ್ನು ಬೆಂಗಳೂರಿಗೆ ಕಳುಹಿಸಲಿ. ಬೆಂಗಳೂರಿನಲ್ಲಿರುವ ನಮ್ಮ ಊರಿನವರ ಫೋನ್ ನಂಬರುಗಳ ಪಟ್ಟಿ ಚರ್ಚ್ ಕಚೇರಿಯಲ್ಲಿರಲಿ. ಧರ್ಮಕೇಂದ್ರದ ವಕೀಲರೊಬ್ಬರು ಮೊದಲ ತಿಂಗಳಲ್ಲೇ ಕಾಗದಗಳನ್ನು ನೋಡಲಿ. ನಮ್ಮ ಶಾಲೆ, ಸಂಸ್ಥೆಗಳ ವಾಹನಗಳ ವಿಮೆ, ಚಾಲಕರ ಪರವಾನಗಿಗಳನ್ನು ವರ್ಷಕ್ಕೊಮ್ಮೆ ಪರಿಶೀಲಿಸಲಿ. ನಮ್ಮ ಚಾಲಕನ ನಿರ್ಲಕ್ಷ್ಯಕ್ಕೆ ಮಾಲೀಕರಾದ ನಾವೇ ಹೊಣೆ. ರಸ್ತೆ ಅಪಘಾತಗಳಲ್ಲಿ ಮಡಿದವರ ವಿಶ್ವ ಸ್ಮರಣೆಯ ದಿನ ನವೆಂಬರಿನ ಮೂರನೆಯ ಭಾನುವಾರ. ಮೃತರನ್ನು ಸ್ಮರಿಸುವ ಆ ತಿಂಗಳಲ್ಲಿ ಬಲಿಪೂಜೆಯ ನಂತರ ಯುವಜನರಿಗೆ ಈ ವಿಷಯಗಳನ್ನು ಹತ್ತು ನಿಮಿಷ ತಿಳಿಸಿದರೂ ಪ್ರಯೋಜನವಿದೆ.

ಆ ತಾಯಿಯ ಮೊಕದ್ದಮೆ ಇನ್ನೂ ನಡೆಯುತ್ತಿದೆ. ಮಗನ ಗೆಳೆಯ ಸಾಕ್ಷಿಕಟ್ಟೆಗೆ ಬಂದು, ಅಂದು ಆಸ್ಪತ್ರೆಯಲ್ಲಿ ಹೆದರಿ ಸುಳ್ಳು ಹೇಳಿದೆನೆಂದು ಒಪ್ಪಿಕೊಂಡಿದ್ದಾನೆ. ಅಷ್ಟು ಜನರ ಮುಂದೆ ಹಾಗೆ ಹೇಳುವುದು ಅವನಿಗೆ ಸುಲಭವಾಗಿರಲಿಲ್ಲ. "ತೀರ್ಪು ಏನೇ ಆಗಲಿ ಫಾದರ್, ಅವನು ಬಂದು ನಿಜ ಹೇಳಿದನಲ್ಲ, ನನಗೆ ಅದೇ ದೊಡ್ಡ ಸಮಾಧಾನ" ಎಂದು ತಾಯಿ ನಮಗೆ ತಿಳಿಸಿದರು. ಅವರಿಗಾಗಿಯೂ, ಆ ಯುವಕನಿಗಾಗಿಯೂ ಪ್ರಾರ್ಥಿಸೋಣ.